ಎರಡು ಗುಂಪು ಹೋಲಿಸೋಕೆ ಯಾವ ಟೆಸ್ಟು? ಮ್ಯಾನ್-ವಿಟ್ನಿ, ವಿಲ್ಕಾಕ್ಸನ್, ಸೈನ್ ಟೆಸ್ಟು, ಇಲ್ಲಾ ಟಿ ಟೆಸ್ಟೇ ಸಾಕಾ

ತೀಸಿಸ್ ಸಬ್ಮಿಟ್ ಮಾಡೋ ತಿಂಗಳು ಹತ್ರ ಬಂತು ಅಂದ್ರೆ ಪಿಜಿ ಮಕ್ಕಳು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ಕೇಳೋದು ಹೆಚ್ಚುಕಡಿಮೆ ಒಂದೇ ಮಾತು, "ಸರ್, ಡೇಟಾ ನಾರ್ಮಲ್ ಇಲ್ಲ, ಗೈಡ್ ನಾನ್‌ಪ್ಯಾರಾಮೆಟ್ರಿಕ್ ಹಾಕು ಅಂದ್ರು, ಯಾವ ಬಟನ್ ಒತ್ಲಿ?" (ನಾರ್ಮಲ್ ಅಂದ್ರೆ ಅಂಕಿಗಳು ಘಂಟೆಯಾಕಾರದಲ್ಲಿ ನಡುವಿನಿಂದ ಎರಡೂ ಕಡೆ ಹರಡಿರೋದು, ಹಂಚಿಕೆ ಅಂಥದ್ದೇ ಇರ್ಬೇಕು ಅಂತ ಕೇಳದ ಟೆಸ್ಟುಗಳು ನಾನ್‌ಪ್ಯಾರಾಮೆಟ್ರಿಕ್.) ನಾನು ತಿರುಗಿ ಕೇಳೋದೂ ಪ್ರತಿ ಸಲ ಅದೇ ಎರಡು ಪ್ರಶ್ನೆ. ಒಬ್ಬರನ್ನೇ ಎರಡು ಸಲ ಅಳೆದಿದ್ದೀರಾ, ಇಲ್ಲಾ ಎರಡು ಗುಂಪಲ್ಲಿ ಬೇರೆ ಬೇರೆ ಜನಾನಾ? ಆಮೇಲೆ, ನಿಮಗೆ ಗೊತ್ತಾಗ್ಬೇಕಿರೋದು ಸರಾಸರಿ ಎಷ್ಟು ಬದಲಾಯ್ತು ಅಂತಾನಾ, ಇಲ್ಲಾ ಈ ಗುಂಪಿನವರದ್ದು ಆ ಗುಂಪಿನವರಿಗಿಂತ ಸಾಮಾನ್ಯವಾಗಿ ಜಾಸ್ತಿ ಬರತ್ತಾ ಅಂತಾನಾ? ಇವೆರಡಕ್ಕೆ ಉತ್ತರ ಸಿಕ್ಕಿಬಿಟ್ರೆ ಟೆಸ್ಟು ಮುಕ್ಕಾಲು ಪಾಲು ತಾನಾಗೇ ಗೊತ್ತಾಗತ್ತೆ, ನಾರ್ಮಲ್ ಇದ್ಯೋ ಇಲ್ವೋ ಅನ್ನೋದು ಅದಾದ್ಮೇಲಿನ ಮಾತು, ಆದ್ರೆ ನಮ್ಮಲ್ಲಿ ಅದನ್ನೇ ಮೊದಲು ಕೇಳಿ ಅಲ್ಲೇ ನಿಲ್ಲಿಸಿಬಿಡ್ತಾರೆ.

ಮೊದಲು ಹೆಸರಿನ ಗೊಂದಲ ಬಗೆಹರಿಸ್ತೀನಿ, ಯಾಕಂದ್ರೆ ತುಂಬಾ ಜನ ಎಡವೋದು ಇಲ್ಲೇ. ಫ್ರ್ಯಾಂಕ್ ವಿಲ್ಕಾಕ್ಸನ್ ಅಂತ ಅಮೆರಿಕಾದ ಒಬ್ರು ಕೆಮಿಸ್ಟು 1945ರಲ್ಲಿ ನಾಲ್ಕೇ ಪುಟದ ಒಂದು ಪೇಪರ್ ಬರೆದ್ರು, ಅದೊಂದರಲ್ಲೇ ಎರಡು ಟೆಸ್ಟು ಕೊಟ್ರು, ಎರಡೂ ಅಂಕಿಗಳ ಬದಲು ಅವನ್ನ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ಸಿಗೋ ಕ್ರಮಸಂಖ್ಯೆ (ರ‍್ಯಾಂಕ್) ಬಳಸೋವು, ಬೇರೆ ಬೇರೆ ಗುಂಪಿಗೆ ರ‍್ಯಾಂಕ್ ಸಮ್ ಟೆಸ್ಟು, ಒಬ್ಬರನ್ನೇ ಎರಡು ಸಲ ಅಳೆದ ಜೋಡಿ ಅಳತೆಗೆ ಸೈನ್ಡ್ ರ‍್ಯಾಂಕ್ ಟೆಸ್ಟು. 1947ರಲ್ಲಿ ಹೆನ್ರಿ ಮ್ಯಾನ್, ಡೊನಾಲ್ಡ್ ವಿಟ್ನಿ ಇಬ್ರೂ ಸೇರಿ ಮೊದಲನೆಯದನ್ನ ಎರಡು ಗುಂಪಿನ ಸಂಖ್ಯೆ ಸಮ ಇಲ್ದಿದ್ರೂ ನಡೆಯೋ ಹಂಗೆ ಬೆಳೆಸಿದ್ರು. ಹಂಗಾಗಿ ಮ್ಯಾನ್-ವಿಟ್ನಿ ಯು ಅನ್ನೋದೂ ವಿಲ್ಕಾಕ್ಸನ್ ರ‍್ಯಾಂಕ್ ಸಮ್ ಅನ್ನೋದೂ ಒಂದೇ, ಆದ್ರೆ ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಪೂರ್ತಿ ಬೇರೆ. ಆರ್ ಅನ್ನೋ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಲ್ಲಿ ಎರಡಕ್ಕೂ ವಿಲ್ಕಾಕ್ಸ್ ಡಾಟ್ ಟೆಸ್ಟ್ ಅನ್ನೋ ಒಂದೇ ಕಮಾಂಡು, ಪೇರ್ಡ್ ಅಂತ ಹೇಳಿದ್ರೆ ಜೋಡಿಯದ್ದು, ಹೇಳ್ದೇ ಇದ್ರೆ ಬಿಡಿಯದ್ದು, ಅಂದ್ರೆ ಬೇರೆ ಬೇರೆ ಜನರ ಗುಂಪಿನದ್ದು. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ವಿಲ್ಕಾಕ್ಸನ್ ಅಂತ ಕರೆದ್ರೆ ಸಿಗೋದು ಜೋಡಿಯದ್ದು ಮಾತ್ರ, ಬಿಡಿ ಗುಂಪಿಗೆ ಮ್ಯಾನ್-ವಿಟ್ನಿಯು ಅಂತ ಕರೀಬಹುದು. ತೀಸಿಸ್‌ನಲ್ಲಿ ಬರೀ "ವಿಲ್ಕಾಕ್ಸನ್ ಟೆಸ್ಟ್ ಬಳಸಲಾಗಿದೆ" ಅಂತ ಬರೆದ್ರೆ ಓದೋರಿಗೆ ಏನೂ ಗೊತ್ತಾಗಲ್ಲ, ದಯವಿಟ್ಟು ಪೂರ್ತಿ ಹೆಸರು ಬರೀರಿ.

ಜೋಡಿನಾ, ಬಿಡಿನಾ

ಇದು ಎಷ್ಟು ದೊಡ್ಡ ವಿಷಯ ಅಂತ ತೋರಿಸೋಕೆ ನಾನು ಯಾವಾಗ್ಲೂ ತೆಗೆಯೋದು ನಿದ್ದೆ ಮಾತ್ರೆಯ ಹಳೇ ಡೇಟಾ. ಸ್ಟೂಡೆಂಟ್ ಅನ್ನೋ ಹೆಸರಲ್ಲಿ ಬರೀತಿದ್ದ ಗಾಸೆಟ್ 1908ರ ಪೇಪರಲ್ಲಿ ಬಳಸಿದ್ದು ಇದನ್ನೇ, ಈಗ ಆರ್ ಹಾಕ್ಕೊಂಡ್ರೆ ಸ್ಲೀಪ್ ಅನ್ನೋ ಹೆಸರಲ್ಲಿ ಅದರೊಳಗೇ ಇರತ್ತೆ. 10 ಜನ ಪೇಶೆಂಟುಗಳು, ಒಬ್ಬೊಬ್ಬರಿಗೂ ಎರಡೂ ಔಷಧ ಕೊಟ್ಟು ನಿದ್ದೆ ಎಷ್ಟು ಗಂಟೆ ಜಾಸ್ತಿ ಆಯ್ತು ಅಂತ ಬರೆದಿದ್ದಾರೆ. ಮೊದಲನೇ ಔಷಧದಲ್ಲಿ ಸರಾಸರಿ 0.75 ಗಂಟೆ, ಎರಡನೇದ್ರಲ್ಲಿ 2.33 ಗಂಟೆ. ಈಗ ಇವರು 20 ಬೇರೆ ಬೇರೆ ಜನ ಅಂತ ತಪ್ಪು ತಿಳ್ಕೊಂಡು ಮ್ಯಾನ್-ವಿಟ್ನಿ ಹಾಕಿದ್ರೆ ಪಿ ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸವೇ ಇಲ್ದಿದ್ರೆ ಇಷ್ಟೋ ಇದಕ್ಕಿಂತ ಜಾಸ್ತಿಯೋ ವ್ಯತ್ಯಾಸ ಆಕಸ್ಮಿಕವಾಗಿ ಕಾಣೋ ಸಂಭವ, ರೂಢಿಯ ಗಡಿ 0.05) 0.069 ಬರತ್ತೆ, ಟಿ ಟೆಸ್ಟ್ ಹಾಕಿದ್ರೆ 0.079, ಅಂದ್ರೆ ಎರಡರಲ್ಲೂ "ವ್ಯತ್ಯಾಸ ಸಾಬೀತಾಗಿಲ್ಲ".

ಈಗ ಅದೇ ಡೇಟಾನ ಜೋಡಿಯಾಗಿ ನೋಡಿ. ಒಬ್ಬೊಬ್ಬರಲ್ಲೂ ಎರಡನೇದ್ರಿಂದ ಮೊದಲನೇದನ್ನ ಕಳೆದ್ರೆ ಬರೋದು 1.2, 2.4, 1.3, 1.3, 0, 1.0, 1.8, 0.8, 4.6, 1.4. ಒಂದೇ ಒಂದು ಸೊನ್ನೆ, ಉಳಿದ ಒಂಬತ್ತೂ ಪ್ಲಸ್! ಒಬ್ರಿಗೂ ಎರಡನೇ ಔಷಧದಲ್ಲಿ ನಿದ್ದೆ ಕಡಿಮೆ ಆಗಿಲ್ಲ. ಸೈನ್ ಟೆಸ್ಟು ಹಾಕಿದ್ರೆ ನಾಣ್ಯ ಒಂಬತ್ತು ಸಲ ಹಾರಿಸಿ ಒಂಬತ್ತೂ ಸಲ ಒಂದೇ ಕಡೆ ಬಿದ್ದ ಲೆಕ್ಕ, 512ರಲ್ಲಿ 2, ಅಂದ್ರೆ 0.004. ಸೈನ್ಡ್ ರ‍್ಯಾಂಕಲ್ಲಿ ಅಂದಾಜು ಲೆಕ್ಕದಲ್ಲಿ 0.009, ಜೋಡಿ ಟಿ ಟೆಸ್ಟಲ್ಲಿ 0.003. ಸಂಖ್ಯೆಗಳು ಒಂದೂ ಬದಲಾಗಿಲ್ಲ, ಯಾರದ್ದು ಯಾರ ಜೊತೆ ಅನ್ನೋದನ್ನ ಗಮನಕ್ಕೆ ತಗೊಂಡ್ವಿ ಅಷ್ಟೇ. ಯಾಕಂದ್ರೆ ಜನರ ಮಧ್ಯೆ ವ್ಯತ್ಯಾಸ ವಿಪರೀತ, ಮೊದಲನೇ ಔಷಧದಲ್ಲೇ ಒಬ್ರಿಗೆ 3.7 ಗಂಟೆ ಜಾಸ್ತಿ ಆಗಿದೆ, ಇನ್ನೊಬ್ರಿಗೆ 1.6 ಗಂಟೆ ಕಡಿಮೆ ಆಗಿದೆ, ಬಿಡಿಯಾಗಿ ನೋಡಿದ್ರೆ ಆ ಗದ್ದಲದಲ್ಲಿ ಔಷಧದ ವ್ಯತ್ಯಾಸ ಮುಳುಗೋಗತ್ತೆ. ಪ್ಯಾರಾಮೆಟ್ರಿಕ್ಕೋ ನಾನ್‌ಪ್ಯಾರಾಮೆಟ್ರಿಕ್ಕೋ ಅನ್ನೋದ್ರಿಂದ ಇಲ್ಲಿ ತೀರ್ಮಾನ ಬದಲಾಗಲೇ ಇಲ್ಲ ನೋಡಿ, ಬದಲಾಗಿದ್ದು ಜೋಡಿ-ಬಿಡಿಯಿಂದ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಬ್ಬ ಹುಡುಗಿ ಆಪರೇಶನ್ನಿಗೆ ಮುಂಚೆ ಮತ್ತು ಆಮೇಲಿನ ನೋವಿನ ಸ್ಕೋರ್ ತಂದಿದ್ಲು, ಎಕ್ಸೆಲ್ ಶೀಟಲ್ಲಿ ಎರಡು ಕಾಲಮ್ಮು, ಎರಡೂ ಸಣ್ಣದರಿಂದ ದೊಡ್ಡದಕ್ಕೆ ನೀಟಾಗಿ ಇಳ್ಕೊಂಡು ಬಂದಿತ್ತು, ಮೊದಲನೇ ಸಾಲಲ್ಲಿ 1 ಮತ್ತು 0, ಕೊನೇ ಸಾಲಲ್ಲಿ 9 ಮತ್ತು 7. ನೋಡಿದ ತಕ್ಷಣ ನನಗೆ ಎದೆ ಧಸಕ್ ಅಂತು. ಕೇಳಿದ್ರೆ, ನೋಡೋಕೆ ಚೆನ್ನಾಗಿರ್ಲಿ ಅಂತ ಎರಡೂ ಕಾಲಮ್ಮನ್ನ ಬೇರೆ ಬೇರೆಯಾಗಿ ಸಾರ್ಟ್ ಮಾಡಿದ್ಲಂತೆ, ಪೇಶೆಂಟ್ ನಂಬರಿನ ಕಾಲಮ್ಮು ಬೇಡ ಅಂತ ಅಳಿಸಿದ್ಲಂತೆ. ಯಾವ ನೋವು ಯಾರದ್ದು ಅನ್ನೋದೇ ಹೋಯ್ತು. ಕೊನೆಗೆ ರೆಕಾರ್ಡ್ ರೂಮಲ್ಲಿ ಕೂತು ಕೇಸ್ ಶೀಟ್ ಒಂದೊಂದೇ ತೆಗೆದು ಮತ್ತೆ ಎಂಟ್ರಿ ಮಾಡಿದ್ಲು. ಪಾಪ, ಅವಳಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ. ನೀವು ಒಬ್ಬೊಬ್ಬರಿಗೆ ಒಂದೊಂದು ಸಾಲು, ಮೊದಲನೇ ಕಾಲಮ್ಮಲ್ಲಿ ನಂಬರು, ಇದನ್ನ ಮಾತ್ರ ಯಾವತ್ತೂ ಬಿಡ್ಬೇಡಿ, ಸಾರ್ಟ್ ಮಾಡೋದಿದ್ರೆ ಪೂರ್ತಿ ಟೇಬಲ್ ಸೆಲೆಕ್ಟ್ ಮಾಡಿ ಮಾಡಿ.

ಜೋಡಿ ಅಂತ ಗೊತ್ತಾದ್ಮೇಲೆ ಸೈನ್ಡ್ ರ‍್ಯಾಂಕಾ ಸೈನ್ ಟೆಸ್ಟಾ ಅನ್ನೋದು. ಸೈನ್ ಟೆಸ್ಟು ಪ್ಲಸ್ ಎಷ್ಟು ಮೈನಸ್ ಎಷ್ಟು ಅಂತ ಎಣಿಸತ್ತೆ ಅಷ್ಟೇ, ತುಂಬಾ ಹಳೇದು, ಲಂಡನ್ನಿನಲ್ಲಿ 82 ವರ್ಷ ಸತತವಾಗಿ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳ ದೀಕ್ಷಾಸ್ನಾನವೇ ಜಾಸ್ತಿ ದಾಖಲಾಗಿದ್ದನ್ನ ನೋಡಿ ಜಾನ್ ಆರ್ಬತ್ನಾಟ್ 1710ರ ಹೊತ್ತಿಗೇ ಇದೇ ಲೆಕ್ಕ ಹಾಕಿದ್ರು. ಸೈನ್ಡ್ ರ‍್ಯಾಂಕ್ ಒಂದು ಹೆಜ್ಜೆ ಮುಂದೆ ಹೋಗಿ ವ್ಯತ್ಯಾಸದ ಗಾತ್ರಕ್ಕೂ ಬೆಲೆ ಕೊಡತ್ತೆ, ಹಂಗಾಗಿ ಸಾಮಾನ್ಯವಾಗಿ ಶಕ್ತಿ, ಅಂದ್ರೆ ಇರೋ ವ್ಯತ್ಯಾಸವನ್ನ ಹಿಡಿಯೋ ಸಾಮರ್ಥ್ಯ, ಜಾಸ್ತಿ. ಡೇಟಾ ನಿಜವಾಗ್ಲೂ ನಾರ್ಮಲ್ ಇದ್ದಾಗ ದೊಡ್ಡ ಸ್ಯಾಂಪಲ್ಲಿನಲ್ಲಿ ಟಿ ಟೆಸ್ಟಿಗೆ ಹೋಲಿಸಿದ್ರೆ ಸೈನ್ಡ್ ರ‍್ಯಾಂಕಿನ ದಕ್ಷತೆ ಸುಮಾರು 95% (ಅಂದ್ರೆ ಟಿ ಟೆಸ್ಟು 95 ಜನರಲ್ಲಿ ಹಿಡಿಯೋದನ್ನ ಹಿಡಿಯೋಕೆ ಇದಕ್ಕೆ 100 ಜನ ಬೇಕು), ಸೈನ್ ಟೆಸ್ಟಿನದ್ದು ಸುಮಾರು 64%. ಆದ್ರೆ ಸೈನ್ಡ್ ರ‍್ಯಾಂಕಿಗೆ ಎರಡು ಷರತ್ತು. ವ್ಯತ್ಯಾಸಗಳು ನಡುವಿನಿಂದ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹರಡಿರ್ಬೇಕು, ಇನ್ನೊಂದು, ಕಳೆಯೋದಕ್ಕೆ ಅರ್ಥ ಇರ್ಬೇಕು. ನೋವಿನ ಸ್ಕೋರಲ್ಲಿ 9ರಿಂದ 7ಕ್ಕೆ ಇಳಿದಿದ್ದೂ 3ರಿಂದ 1ಕ್ಕೆ ಇಳಿದಿದ್ದೂ ಒಂದೇ ಸಮಾಧಾನ ಅಂತ ನಿಮ್ಮ ಅನುಭವ ಒಪ್ಪಲ್ಲ ಅಂದ್ರೆ ಸೈನ್ ಟೆಸ್ಟೇ ಸರಿ, ಶಕ್ತಿ ಕಡಿಮೆ ಆದ್ರೂ ಹೇಳೋ ಮಾತು ನೇರವಾಗಿರತ್ತೆ: ಇಷ್ಟು ಜನಕ್ಕೆ ಕಡಿಮೆ ಆಯ್ತು, ಇಷ್ಟು ಜನಕ್ಕೆ ಜಾಸ್ತಿ ಆಯ್ತು. ಸೊನ್ನೆ ಬಂದವರನ್ನ ಎರಡೂ ಟೆಸ್ಟು ಸಾಮಾನ್ಯವಾಗಿ ಬಿಟ್ಟು ಲೆಕ್ಕ ಹಾಕ್ತವೆ, ತುಂಬಾ ಸೊನ್ನೆ ಇದ್ರೆ ಎಷ್ಟು ಜನ ಹಂಗೇ ಉಳಿದ್ರು ಅಂತ ಬರೆಯೋದು ನಿಮ್ಮ ಜವಾಬ್ದಾರಿ, 50ರಲ್ಲಿ 35 ಜನಕ್ಕೆ ಏನೂ ಬದಲಾಗಿಲ್ಲ ಅನ್ನೋದೇ ದೊಡ್ಡ ಸುದ್ದಿ ಅಲ್ವಾ.

ಬಿಡಿ ಗುಂಪು ಆದ್ರೆ ನಿಜವಾದ ಪ್ರಶ್ನೆ ಏನು

ಇದಕ್ಕೊಂದು ಲೆಕ್ಕ, ಅಂಕಿಗಳನ್ನ ಅರ್ಥ ಆಗ್ಲಿ ಅಂತ ನಾನೇ ಬರ್ಕೊಂಡಿದ್ದು. ಎರಡು ವಿಧಾನದ ಆಪರೇಶನ್ನು, ಒಂದೊಂದರಲ್ಲಿ ಐದು ಪೇಶೆಂಟು, ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ರು ಅಂತ. ಮೊದಲನೇ ಗುಂಪು 2, 3, 4, 5, 26. ಎರಡನೇ ಗುಂಪು 6, 7, 8, 9, 10. ಕೂಡಿ ನೋಡಿ, ಎರಡೂ 40, ಸರಾಸರಿ ಎರಡರದ್ದೂ 8 ದಿನ, ಟಿ ಟೆಸ್ಟ್ ಪ್ರಕಾರ ವ್ಯತ್ಯಾಸ ಸೊನ್ನೆ. ಈಗ ಮ್ಯಾನ್-ವಿಟ್ನಿ ಮಾಡೋದನ್ನ ಕೈಯಲ್ಲೇ ಮಾಡಿ: ಮೊದಲನೇ ಗುಂಪಿನ ಒಬ್ಬೊಬ್ಬರನ್ನ ಎರಡನೇ ಗುಂಪಿನ ಒಬ್ಬೊಬ್ಬರ ಪಕ್ಕ ನಿಲ್ಲಿಸಿ, ಒಟ್ಟು 25 ಜೋಡಿ, ಎಷ್ಟರಲ್ಲಿ ಎರಡನೇ ಗುಂಪಿನವರು ಜಾಸ್ತಿ ದಿನ ಇದ್ರು? 20ರಲ್ಲಿ. ಉಳಿದ 5 ಆ 26 ದಿನ ಇದ್ದ ಒಬ್ರಿಂದ ಬಂದಿದ್ದು, ಆ 5ಕ್ಕೇ ಯು ಅನ್ನೋದು. ಅವರು 26 ದಿನದ ಬದಲು 260 ದಿನ ಇದ್ದಿದ್ರೂ ಯು ಅದೇ 5, ಒಂದು ಚೂರೂ ಅಲ್ಲಾಡಲ್ಲ.

ಯಾವುದು ಸರಿ? ಎರಡೂ ಸರಿ, ಕೇಳ್ತಿರೋರು ಯಾರು ಅನ್ನೋದ್ರ ಮೇಲೆ ಹೋಗತ್ತೆ. ವಾರ್ಡಲ್ಲಿ ಬೆಡ್ ಎಷ್ಟು ಬೇಕು, ಖರ್ಚು ಎಷ್ಟು ಅಂತ ಲೆಕ್ಕ ಹಾಕೋರಿಗೆ ಎರಡೂ ವಿಧಾನ 40 ಬೆಡ್-ದಿನಾನೇ ತಿನ್ನತ್ತೆ, ಅವರಿಗೆ ಸರಾಸರೀನೇ ಮುಖ್ಯ, ರ‍್ಯಾಂಕ್ ಟೆಸ್ಟು ಅವರಿಗೆ ಬೇಕಾದ ಪ್ರಶ್ನೆಗೆ ಉತ್ತರಾನೇ ಕೊಡಲ್ಲ. ಆದ್ರೆ "ಡಾಕ್ಟ್ರೇ, ನಮ್ಮಮ್ಮ ಬೇಗ ಮನೆಗೆ ಬರ್ತಾರಾ" ಅಂತ ಕೇಳೋರಿಗೆ 25ರಲ್ಲಿ 20 ಅನ್ನೋದು ಹೆಚ್ಚು ಉಪಯೋಗದ ಮಾತು, ಅದರ ಜೊತೆಗೆ ಆ 26 ದಿನದವರಿಗೆ ಏನಾಯ್ತು ಅಂತಾನೂ ಹೇಳ್ಬೇಕು, ಅವರನ್ನ ಔಟ್‌ಲೈಯರ್ ಅಂತ ಕಿತ್ತು ಹಾಕೋದು ಬಹಳ ತಪ್ಪು, ಅಲ್ಲಿ ಒಂದು ಇನ್‌ಫೆಕ್ಷನ್ನೋ ಇನ್ನೇನೋ ಕಾಂಪ್ಲಿಕೇಶನ್ನೋ ಇರತ್ತೆ. ಸರಾಸರಿಯೇ ನಿಮ್ಮ ಪ್ರಶ್ನೆ, ಆದ್ರೆ ಡೇಟಾ ನಾರ್ಮಲ್ ಅಂತ ನಂಬೋಕೆ ಧೈರ್ಯ ಇಲ್ಲ ಅಂದ್ರೆ ಅದಕ್ಕೂ ದಾರಿ ಇದೆ, ಪರ್ಮ್ಯುಟೇಶನ್ ಟೆಸ್ಟು. ಈ ಹತ್ತು ಜನರನ್ನ ಐದೈದಾಗಿ ಹಂಚೋಕೆ ಇರೋ ದಾರಿ 252, ಅಷ್ಟರಲ್ಲೂ ಸರಾಸರಿ ವ್ಯತ್ಯಾಸ ಲೆಕ್ಕ ಹಾಕಿ ನಿಮ್ಮದು ಎಲ್ಲಿ ನಿಲ್ಲತ್ತೆ ಅಂತ ನೋಡೋದು. ಕಂಪ್ಯೂಟರ್ ಕೈಯಲ್ಲಿರೋ ಈ ಕಾಲದಲ್ಲಿ ಇದನ್ನ ಇನ್ನೂ ಜಾಸ್ತಿ ಜನ ಬಳಸ್ಬೇಕು ಅಂತ ನನ್ನಾಸೆ.

ಮ್ಯಾನ್-ವಿಟ್ನಿ ಮಧ್ಯಾಂಕಗಳನ್ನ (ಅಂಕಿಗಳನ್ನ ಸಾಲಾಗಿ ಇಟ್ರೆ ನಟ್ಟನಡುವೆ ಬರೋದು) ಹೋಲಿಸತ್ತೆ ಅಂತ ಎಷ್ಟೋ ಕ್ಲಾಸ್ ನೋಟ್ಸಲ್ಲಿ ಇದೆ, ಅದು ಯಾವಾಗ್ಲೂ ನಿಜ ಅಲ್ಲ. ಒಂದು ಗುಂಪು 1, 2, 10, 11, 12, ಇನ್ನೊಂದು 8, 9, 10, 30, 31 ಅಂತ ಇಟ್ಕೊಳ್ಳಿ, ಎರಡರ ಮಧ್ಯಾಂಕಾನೂ 10, ಆದ್ರೆ ಜೋಡಿ ಜೋಡಿ ನಿಲ್ಲಿಸಿ ಎಣಿಸಿದ್ರೆ (ಸಮ ಬಂದಿದ್ದಕ್ಕೆ ಅರ್ಧ) ಎರಡನೇ ಗುಂಪು 25ರಲ್ಲಿ 16.5 ಗೆಲ್ಲತ್ತೆ. ಹಂಚಿಕೆಯ ಆಕಾರ ಎರಡೂ ಕಡೆ ಒಂದೇ ಇದ್ದು ಒಂದು ಪಕ್ಕಕ್ಕೆ ಸರಿದಿದೆ ಅಷ್ಟೇ ಅನ್ನೋ ಹಂಗಿದ್ರೆ ಮಧ್ಯಾಂಕದ ಮಾತಾಡ್ಬಹುದು, ಇಲ್ಲಾಂದ್ರೆ ಆಡ್ಬಾರ್ದು.

ಇನ್ನೊಂದು ಸೂಕ್ಷ್ಮ, ಒಂದು ಗುಂಪಿನ ಹರವು ಸಣ್ಣದು ಇನ್ನೊಂದರದ್ದು ದೊಡ್ಡದು, ಅದರ ಮೇಲೆ ಗುಂಪಿನ ಸಂಖ್ಯೆಯೂ ಸಮ ಇಲ್ಲ ಅಂದಾಗ ಮ್ಯಾನ್-ವಿಟ್ನಿಯ ಪಿ ವ್ಯಾಲ್ಯೂ ನಂಬೋದು ಕಷ್ಟ. ಅಂಥ ಕಡೆ 2000ನೇ ಇಸವಿಯಲ್ಲಿ ಬಂದ ಬ್ರೂನರ್-ಮುಂಜೆಲ್ ಟೆಸ್ಟು ಒಳ್ಳೇದು, ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಅದೇ, ಆದ್ರೆ ಹರವು ಒಂದೇ ಇರ್ಬೇಕು ಅಂತ ಹಠ ಮಾಡಲ್ಲ, ಸೈಪೈಯಲ್ಲೂ ಇದೆ. ಗುಂಪಲ್ಲಿ ಹತ್ತಕ್ಕಿಂತ ಕಡಿಮೆ ಜನ ಇದ್ರೆ ಅದರ ಪರ್ಮ್ಯುಟೇಶನ್ ರೂಪ ಬಳಸಿ. ಕಾಲ್ಮಗರೋವ್-ಸ್ಮಿರ್ನಾವ್ ಟೆಸ್ಟು ಎರಡು ಹಂಚಿಕೆ ಎಲ್ಲಾದ್ರೂ ಹೆಂಗಾದ್ರೂ ಬೇರೆ ಇದ್ಯಾ ಅಂತ ಕೇಳತ್ತೆ, ಯಾವುದು ಜಾಸ್ತಿ ಅಂತ ತಿಳಿಯೋದೇ ಉದ್ದೇಶ ಆದ್ರೆ ನಾನು ಅದನ್ನ ಮುಟ್ಟಲ್ಲ. ಡಿಸ್ಚಾರ್ಜೇ ಆಗಿರದ, ಫಾಲೋ-ಅಪ್ಪಿಗೆ ಬರದೇ ಹೋದ ಪೇಶೆಂಟುಗಳು ಇದ್ರೆ ಈ ಯಾವುದೂ ಅಲ್ಲ, ಅಂಥ ಅರ್ಧದಲ್ಲೇ ನಿಂತ ದಾಖಲೆಗಳನ್ನೂ ಲೆಕ್ಕಕ್ಕೆ ತಗೊಳ್ಳೋ ಲಾಗ್-ರ‍್ಯಾಂಕ್ ಟೆಸ್ಟಿನ ಕಡೆ ಹೋಗಿ.

ನಾರ್ಮಲಾ ಅಂತ ಟೆಸ್ಟ್ ಮಾಡಿ ಆಮೇಲೆ ಆಯ್ಕೆ ಮಾಡೋ ಅಭ್ಯಾಸ

ಮೊದಲು ಡೇಟಾ ನಾರ್ಮಲಾ ಅಂತ ನೋಡೋ ಶಾಪಿರೋ-ವಿಲ್ಕ್ ಟೆಸ್ಟು ಹಾಕು, ಪಿ 0.05ಕ್ಕಿಂತ ಕಡಿಮೆ ಬಂದ್ರೆ ಮ್ಯಾನ್-ವಿಟ್ನಿ, ಇಲ್ಲಾಂದ್ರೆ ಟಿ ಟೆಸ್ಟು, ಈ ಫ್ಲೋಚಾರ್ಟು ಎಲ್ಲಾ ಕಡೆ ಓಡಾಡ್ತಿದೆ. ನಾನು ಇದನ್ನ ಬಿಡಿ ಅಂತ ಕೈಮುಗಿದು ಕೇಳ್ಕೋತೀನಿ. ಗುಂಪಲ್ಲಿ ಎಂಟು ಜನ ಇದ್ದಾಗ ಡೇಟಾ ಸೊಟ್ಟಗಿದ್ರೂ ಶಾಪಿರೋ-ವಿಲ್ಕಿಗೆ ಅದನ್ನ ಹಿಡಿಯೋ ಶಕ್ತಿ ಇರಲ್ಲ, ನಾರ್ಮಲ್ ಅಂತ ಬಿಟ್ಟುಬಿಡತ್ತೆ, ಆದ್ರೆ ಎಚ್ಚರಿಕೆ ಬೇಕಿದ್ದಿದ್ದು ಅಲ್ಲೇ. 800 ಜನ ಇದ್ದಾಗ ಸಣ್ಣ ಪುಟ್ಟ ಓರೆಕೋರೆಗೂ ನಾರ್ಮಲ್ ಇಲ್ಲ ಅಂತ ಕೂಗತ್ತೆ, ಆದ್ರೆ ಅಷ್ಟು ಜನ ಇದ್ದಾಗ ಸರಾಸರಿ ಹೋಲಿಸೋಕೆ ಟಿ ಟೆಸ್ಟು ಸಾಮಾನ್ಯವಾಗಿ ಆರಾಮಾಗಿ ನಡೆಯತ್ತೆ. ಅಂದ್ರೆ ಬೇಕಾದ ಕಡೆ ಸುಮ್ಮನಿರತ್ತೆ, ಬೇಡದ ಕಡೆ ಮಾತಾಡತ್ತೆ. ಅದರ ಬದಲು ಅಳತೆ ಯಾವ ಥರದ್ದು ಅಂತ ಮೊದಲೇ ಯೋಚಿಸಿ. ಆಸ್ಪತ್ರೆ ದಿನ, ಬಿಲ್ಲು, ಸಿಆರ್‌ಪಿ (ಉರಿಯೂತ ತೋರಿಸೋ ರಕ್ತಪರೀಕ್ಷೆ) ಇವೆಲ್ಲ ಬಲಕ್ಕೆ ಉದ್ದ ಬಾಲ ಇರೋವು (ಕೆಲವರದ್ದು ಮಾತ್ರ ತುಂಬಾ ದೊಡ್ಡ ಅಂಕಿ), ಡೇಟಾ ಬರೋ ಮುಂಚೆನೇ ನಮಗೆ ಗೊತ್ತು. ನೋವಿನ ಸ್ಕೋರು, "ತುಂಬಾ ಒಪ್ತೀನಿ"ಯಿಂದ "ಒಪ್ಪಲ್ಲ" ತನಕದ ಐದು ಹಂತದ ಉತ್ತರ, ಇವು ಬರೀ ಕ್ರಮ. ಹಿಮೋಗ್ಲೋಬಿನ್, ಎತ್ತರ ಇಂಥವು ಸಾಮಾನ್ಯವಾಗಿ ಸಭ್ಯವಾಗಿ ನಡ್ಕೊಳ್ಳತ್ವೆ.

ಹಂಗಾದ್ರೆ ನನ್ನ ಲೆಕ್ಕ ಹೀಗೆ: ಬಿಡಿ ಗುಂಪು, ಸರಾಸರಿಯೇ ಪ್ರಶ್ನೆ, ಗುಂಪಿಗೆ 30-40 ಜನ ಇದ್ದಾರೆ, ಬಾಲ ತೀರಾ ಉದ್ದ ಇಲ್ಲ ಅಂದ್ರೆ ವೆಲ್ಚ್ ಟಿ ಟೆಸ್ಟು, ಎರಡು ಗುಂಪಿನ ಹರವು ಒಂದೇ ಅನ್ನೋ ಹಳೇ ಟಿ ಟೆಸ್ಟಲ್ಲ. ಕ್ರಮದ ಅಳತೆ, ಅಥವಾ ಯಾರದ್ದು ಸಾಮಾನ್ಯವಾಗಿ ಜಾಸ್ತಿ ಅನ್ನೋ ಪ್ರಶ್ನೆ ಆದ್ರೆ ಮ್ಯಾನ್-ವಿಟ್ನಿ, ಹರವು ಬೇರೆ ಕಂಡ್ರೆ ಬ್ರೂನರ್-ಮುಂಜೆಲ್. ರ‍್ಯಾಂಕಿಗೆ ಹೋದ್ರೆ ಶಕ್ತಿ ಹೋಗ್ಬಿಡತ್ತೆ ಅನ್ನೋ ಭಯ ಬೇಡ, ನಾರ್ಮಲ್ ಡೇಟಾದಲ್ಲೇ ಕಳ್ಕೊಳ್ಳೋದು ಸುಮಾರು 5%, ಒಂದು ಗುಂಪು ಇನ್ನೊಂದರಿಂದ ಬರೀ ಸರಿದಿರೋ ಸಂದರ್ಭದಲ್ಲಿ ಹಂಚಿಕೆ ಯಾವ ಆಕಾರದ್ದೇ ಇದ್ರೂ ದೊಡ್ಡ ಸ್ಯಾಂಪಲ್ಲಲ್ಲಿ ಇದರ ದಕ್ಷತೆ ಟಿ ಟೆಸ್ಟಿನ 86.4%ಕ್ಕಿಂತ ಕೆಳಗೆ ಇಳಿಯಲ್ಲ ಅಂತ ಹಾಡ್ಜಸ್ ಮತ್ತು ಲೆಹ್ಮನ್ 1956ರಲ್ಲೇ ತೋರಿಸಿದ್ದಾರೆ, ಉದ್ದ ಬಾಲದ ಡೇಟಾದಲ್ಲಂತೂ ಟಿ ಟೆಸ್ಟಿಗಿಂತ ಎಷ್ಟೋ ಮುಂದೆ. ಮುಖ್ಯ ಏನಂದ್ರೆ ಈ ಆಯ್ಕೆ ಸಿನಾಪ್ಸಿಸ್ ಬರೆಯೋವಾಗ್ಲೇ ಆಗಿಹೋಗ್ಬೇಕು, ಎರಡೂ ಹಾಕಿ ನೋಡಿ ಯಾವುದರಲ್ಲಿ ಪಿ 0.05ಕ್ಕಿಂತ ಕೆಳಗೆ ಬಂತೋ ಅದನ್ನ ಬರೆಯೋದು ಮೋಸ ಆಗತ್ತೆ, ಗೊತ್ತಿದ್ದು ಮಾಡಿದ್ರೂ ಗೊತ್ತಿಲ್ದೇ ಮಾಡಿದ್ರೂ.

ಸ್ಯಾಂಪಲ್ ತುಂಬಾ ಸಣ್ಣದಿದ್ರೆ

"ಇರೋದೇ ಮೂರು ಮೂರು ಇಲಿ, ಸಣ್ಣ ಸ್ಯಾಂಪಲ್ ಅಂದ್ರೆ ನಾನ್‌ಪ್ಯಾರಾಮೆಟ್ರಿಕ್ ತಾನೇ?" ಅಂತ ಕೇಳ್ತಾರೆ. ಎಣಿಸಿ ನೋಡಿ. ಆರು ಇಲಿಗಳನ್ನ ಮೂರು-ಮೂರಾಗಿ ಹಂಚೋಕೆ 20 ದಾರಿ, ಒಂದು ಗುಂಪಿನ ಮೂರೂ ಇನ್ನೊಂದರ ಮೂರಕ್ಕಿಂತ ಪೂರ್ತಿ ಮೇಲೆ ಇದ್ರೂ ಎರಡೂ ಕಡೆಯ ಲೆಕ್ಕದಲ್ಲಿ (ಯಾವ ಗುಂಪು ಮೇಲಿದ್ರೂ ಎಣಿಸೋದು) ಸಿಗೋ ಅತಿ ಚಿಕ್ಕ ಪಿ ವ್ಯಾಲ್ಯೂ 20ರಲ್ಲಿ 2, ಅಂದ್ರೆ 0.1. ಡೇಟಾ ಎಷ್ಟೇ ಚೆನ್ನಾಗಿ ಬಂದ್ರೂ 0.05 ಮುಟ್ಟೋಕೆ ಸಾಧ್ಯಾನೇ ಇಲ್ಲ, ಇಲಿಗಳನ್ನ ಕೊಂದಿದ್ದೇ ಬಂತು. ನಾಲ್ಕು-ನಾಲ್ಕಾದ್ರೆ 70ರಲ್ಲಿ 2, 0.029, ಅದೂ ಒಂದೂ ಅಡ್ಡ ಬರದೇ ಇದ್ರೆ ಮಾತ್ರ. ಸೈನ್ಡ್ ರ‍್ಯಾಂಕಲ್ಲಿ ಐದು ಜೋಡಿಗೆ ಅತಿ ಚಿಕ್ಕದು 0.0625, ಆರು ಜೋಡಿಗೆ 0.031. ಮೇಲೆ ಹೇಳಿದ ಆಸ್ಪತ್ರೆ ದಿನದ ಲೆಕ್ಕದಲ್ಲೂ 25ರಲ್ಲಿ 20 ಗೆದ್ರೂ ಪಿ ವ್ಯಾಲ್ಯೂ 0.15 ಬರತ್ತೆ, ಐದೈದು ಜನದಲ್ಲಿ ಅಷ್ಟೇ ಸಿಗೋದು. ಪ್ರಯೋಗ ಶುರು ಮಾಡೋ ಮುಂಚೆ ಐದು ನಿಮಿಷ ಕೂತು ಈ ಲೆಕ್ಕ ಹಾಕಿ.

ಇನ್ನು ಯಾವ ಟೆಸ್ಟೂ ಕಾಪಾಡದ ಒಂದು ತಪ್ಪಿದೆ. ನಾಲ್ಕು ಇಲಿಯಿಂದ ಹತ್ತತ್ತು ಸ್ಲೈಡ್ ತೆಗೆದು 40 ಸ್ಯಾಂಪಲ್ ಅಂತ ಬರೆಯೋದು. ಅದು ನಾಲ್ಕೇ. ಒಂದೇ ಇಲಿಯ ಸ್ಲೈಡುಗಳು ಒಂದನ್ನೊಂದು ಹೋಲ್ತವೆ, ಮ್ಯಾನ್-ವಿಟ್ನಿಗೂ ಪ್ರತಿಯೊಂದು ಅಳತೆ ಸ್ವತಂತ್ರ ಆಗಿರ್ಬೇಕು. ನಾನ್‌ಪ್ಯಾರಾಮೆಟ್ರಿಕ್ ಅಂದ್ರೆ ಯಾವ ಷರತ್ತೂ ಇಲ್ಲ ಅಂತಲ್ಲ, ಹಂಚಿಕೆಯ ಆಕಾರ ಇಂಥದ್ದೇ ಇರ್ಬೇಕು ಅನ್ನೋ ಒಂದು ಷರತ್ತು ಮಾತ್ರ ಇಲ್ಲ. ಇಲಿಗೊಂದು ಸರಾಸರಿ ತೆಗೆದು ಅದನ್ನ ಹೋಲಿಸಿ, ಇಲ್ಲಾ ಮಿಕ್ಸೆಡ್ ಮಾಡೆಲ್ ಗೊತ್ತಿರೋರ ಹತ್ರ ಹೋಗಿ.

ಬರೆಯೋದು ಹೆಂಗೆ

ಬರೀ "ಪಿ < 0.05" ಅಂತ ಬರೆದು ಮುಗಿಸ್ಬೇಡಿ. ಬಿಡಿ ಗುಂಪಿಗೆ ಯು ಅನ್ನ ಎರಡು ಗುಂಪಿನ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿದ್ರೆ ಎಷ್ಟು ಪಾಲು ಜೋಡಿಗಳಲ್ಲಿ ಯಾರು ಮುಂದೆ ಅಂತ ಸಿಗತ್ತೆ, ನಮ್ಮ ಲೆಕ್ಕದಲ್ಲಿ ಯು 5, ಹಂಗಾಗಿ ಮೊದಲನೇ ಗುಂಪು ಜಾಸ್ತಿ ಇದ್ದಿದ್ದು 25ರಲ್ಲಿ 5, ಅಂದ್ರೆ 20%, ಎರಡನೇ ಗುಂಪು ಜಾಸ್ತಿ ಇದ್ದಿದ್ದು ಉಳಿದ 20, ಅಂದ್ರೆ 80%, ಇದನ್ನ ಯಾವ ಡಾಕ್ಟರಿಗೆ ಹೇಳಿದ್ರೂ ಅರ್ಥ ಆಗತ್ತೆ. ವ್ಯತ್ಯಾಸದ ಗಾತ್ರ ಗಂಟೆಯಲ್ಲೋ ದಿನದಲ್ಲೋ ಬೇಕು ಅಂದ್ರೆ ರ‍್ಯಾಂಕ್ ಟೆಸ್ಟಿಗೆ ಹೊಂದೋ ಹಾಡ್ಜಸ್-ಲೆಹ್ಮನ್ ಅಂದಾಜು, ಆರ್ ಅಲ್ಲಿ ಕಾನ್ಫ್ ಡಾಟ್ ಇಂಟ್ ಆನ್ ಮಾಡಿದ್ರೆ ವಿಶ್ವಾಸಾಂತರದ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿ ತನಕ ಇರ್ಬಹುದು ಅನ್ನೋ ವ್ಯಾಪ್ತಿ) ಸಮೇತ ಟೆಸ್ಟಿನ ಜೊತೆಗೇ ಬರತ್ತೆ. "ಟೈ ಇರೋದ್ರಿಂದ ಎಕ್ಸಾಕ್ಟ್ ಪಿ ವ್ಯಾಲ್ಯೂ ಆಗಲ್ಲ" ಅನ್ನೋ ವಾರ್ನಿಂಗ್ ನೋಡಿ ಮಕ್ಕಳು ಗಾಬರಿ ಆಗ್ತಾರೆ, ಒಂದೇ ಸಂಖ್ಯೆ ಎರಡು ಸಲ ಬಂದಿದೆ, ಅದಕ್ಕೆ ಅಂದಾಜು ಲೆಕ್ಕ ಹಾಕಿದೀನಿ ಅಂತ ಅದರರ್ಥ, ಸ್ಯಾಂಪಲ್ ತೀರಾ ಸಣ್ಣದಿಲ್ದಿದ್ರೆ ತೊಂದ್ರೆ ಇಲ್ಲ. ಹಳೇ ಸೈಪೈ ಇನ್ನೂ ಬಳಸ್ತಿದ್ರೆ ಮಾತ್ರ ಹುಷಾರು, ಆಗಿನ ಮ್ಯಾನ್-ವಿಟ್ನಿ ಏನೂ ಹೇಳ್ದೇ ಇದ್ರೆ ಎರಡು ಕಡೆಯ ಪಿ ವ್ಯಾಲ್ಯೂವಿನ ಅರ್ಧ ಕೊಡ್ತಿತ್ತು, ಟೂ-ಸೈಡೆಡ್ ಅಂತ ನೀವೇ ಬರೀಬೇಕು.

ಆ ನಿದ್ದೆ ಡೇಟಾನ ನಾನು ತೀಸಿಸ್‌ಗೆ ಬರೆಯೋದಾದ್ರೆ ಹೀಗೆ ಬರೀತೀನಿ: "10 ಜನರಲ್ಲಿ 9 ಜನರಿಗೆ ಎರಡನೇ ಔಷಧದಲ್ಲಿ ಹೆಚ್ಚು ನಿದ್ದೆ ಬಂತು, ಒಬ್ಬರಿಗೆ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದ 9 ಜನರಲ್ಲಿ ಹಾಡ್ಜಸ್-ಲೆಹ್ಮನ್ ಅಂದಾಜು 1.4 ಗಂಟೆ, 95% ವಿಶ್ವಾಸಾಂತರ ಸುಮಾರು 1.05ರಿಂದ 2.95 ಗಂಟೆ, ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಟೆಸ್ಟ್, ಎರಡೂ ಕಡೆಯ ಪಿ = 0.009."